ವೈದ್ಯರು ಬದಲಾದರೂ ಚಿಕಿತ್ಸೆ ತುಂಡಾಗದಿರಲು: ಸಕ್ಕರೆ ಕಾಯಿಲೆಯವರನ್ನು ನೋಡುವ ತರಬೇತಿ ವೈದ್ಯರಿಗೆ ಸಮಗ್ರ ಮಾರ್ಗದರ್ಶಿ

ಹನ್ನೆರಡು ತಿಂಗಳ ಕಡ್ಡಾಯ ತರಬೇತಿಯಲ್ಲಿ ಹೌಸ್ ಸರ್ಜನ್ ಒಬ್ಬರು ಜನರಲ್ ಮೆಡಿಸಿನ್ ವಿಭಾಗದಲ್ಲಿ ಕಳೆಯುವುದು 6 ವಾರ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ಎಂದು ತಿಳಿಯಲು ನಾವು ನೆಚ್ಚಿಕೊಂಡಿರುವ ಎಚ್‌ಬಿಎ1ಸಿ ಪರೀಕ್ಷೆ ಹೇಳುವುದು ಹಿಂದಿನ ಸುಮಾರು 3 ತಿಂಗಳ ಸರಾಸರಿ ಶುಗರ್‌ನ ಲೆಕ್ಕ. ಇಂದು ಮಾತ್ರೆ ಬದಲಿಸಿದವರು ಆ ಬದಲಾವಣೆಯ ಫಲ ಕಾಣುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲೋ ಹೆರಿಗೆ ಕೋಣೆಯಲ್ಲೋ ಡ್ಯೂಟಿಯಲ್ಲಿರುತ್ತಾರೆ. ಸ್ನಾತಕೋತ್ತರ (ಪಿಜಿ) ವಿದ್ಯಾರ್ಥಿಗಳು ಮೂರು ವರ್ಷ ಇರುತ್ತಾರಾದರೂ, ಐಸಿಯು ಪೋಸ್ಟಿಂಗ್, ಜಿಲ್ಲಾ ರೆಸಿಡೆನ್ಸಿಯ 3 ತಿಂಗಳು, ಪರೀಕ್ಷೆ ಎಂದು ಅವರೂ ಒಂದೆಡೆ ನಿಲ್ಲುವುದಿಲ್ಲ. ರೋಗಿ ಮಾತ್ರ ಅದೇ ಊರಿನಿಂದ, ಅದೇ ಕಾಯಿಲೆ ಹೊತ್ತು, ಇಪ್ಪತ್ತು ಮೂವತ್ತು ವರ್ಷ ಬರುತ್ತಲೇ ಇರುತ್ತಾರೆ.

ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಂದಿನಿಂದ ಆಲೂರು, ಬೇಲೂರು, ಸಕಲೇಶಪುರ, ಅರಕಲಗೂಡುಗಳ ಕಡೆಯಿಂದ ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ತರಬೇತಿ ವೈದ್ಯರು ಚಿರಪರಿಚಿತರು. ಈ ಯುವ ವೈದ್ಯರ ಶ್ರದ್ಧೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅವರು ಹೊರಟುಹೋಗುವುದು ವ್ಯವಸ್ಥೆಯ ನಿಯಮ. ಆದರೆ ಅವರ ತಲೆಯಲ್ಲಿದ್ದ ಕಾರಣಗಳೂ ಅವರ ಜೊತೆಗೇ ಹೊರಟುಹೋಗಬೇಕಾಗಿಲ್ಲ. ಈ ಬರಹ ಆ ಒಂದು ವಿಷಯದ ಬಗ್ಗೆ.

ಇದನ್ನು ನಾನು ಕಲಿತದ್ದು ಒಬ್ಬ ಅಜ್ಜಿಯಿಂದ. ಹಲವು ವರ್ಷಗಳ ಹಿಂದೆ, ಆಗ ನಾನಿದ್ದ ಆಸ್ಪತ್ರೆಯ ಓಪಿಡಿಯಲ್ಲಿ ಆಲೂರು ಕಡೆಯ ಅರವತ್ತೆಂಟು ವರ್ಷದ ಆಕೆಗೆ ನಾನು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದೆ. ಮೂತ್ರಪಿಂಡ ಸೋಲುತ್ತಿತ್ತು, ಮಧ್ಯಾಹ್ನದ ಊಟ ತಡವಾದಾಗ ಮೈ ಬೆವರುತ್ತಿತ್ತು. ಚೀಟಿಯಲ್ಲಿ ಬರೆದದ್ದು ‘1 ಮಿ.ಗ್ರಾಂ., ಬೆಳಗ್ಗೆ’ ಎಂದಷ್ಟೇ. ಮುಂದಿನ ತಿಂಗಳು ಅವರನ್ನು ನೋಡಿದ ಹೌಸ್ ಸರ್ಜನ್‌ಗೆ ಊಟದ ನಂತರದ ಶುಗರ್ 240 ಕಂಡಿತು. ‘ಹೋದ್ ಸಲದ ಡಾಕ್ಟ್ರು ಕಮ್ಮಿ ಮಾಡಿದ್ರು ಕಣವ್ವ, ಯಾಕೋ ಗೊತ್ತಿಲ್ಲ’ ಎಂದು ಅಜ್ಜಿ ಹೇಳಿದ್ದರಂತೆ. ಯಾಕೆಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಡೋಸ್ ಮತ್ತೆ 2ಕ್ಕೆ ಏರಿತು. ಮೂರು ವಾರದ ಬಳಿಕ ಅಜ್ಜಿ ಪ್ರಜ್ಞೆ ತಪ್ಪಿ ತುರ್ತು ಘಟಕಕ್ಕೆ ಬಂದಾಗ ಶುಗರ್ 38 ಇತ್ತು. ಆಕೆ ಬದುಕಿದರು. ಆ ಹೌಸ್ ಸರ್ಜನ್ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಣ್ಣೆದುರಿದ್ದ ಸಂಖ್ಯೆಗೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ತಪ್ಪು ನನ್ನದು.

ಹಂತ 1: ಮೊದಲು ಯೂನಿಟ್‌ನಲ್ಲಿ ಒಪ್ಪಂದ

ತರಬೇತಿ ವೈದ್ಯರು ಒಬ್ಬೊಬ್ಬರೇ ಎಷ್ಟು ಶ್ರಮಪಟ್ಟರೂ, ಯೂನಿಟ್‌ನ (ಹಿರಿಯ ವೈದ್ಯರೊಬ್ಬರ ಕೆಳಗೆ ದುಡಿಯುವ ತಂಡದ) ಮುಖ್ಯಸ್ಥರು ಎರಡು ವಿಷಯಗಳನ್ನು ಮೊದಲೇ ನಿಗದಿ ಮಾಡದಿದ್ದರೆ ಉಳಿದದ್ದೆಲ್ಲ ಸಡಿಲವಾಗುತ್ತದೆ. ಮೊದಲನೆಯದು, ಸಕ್ಕರೆ ಕಾಯಿಲೆಯವರು ಮರುಭೇಟಿಗೆ ಯೂನಿಟ್‌ನ ಓಪಿಡಿ ದಿನವೇ ಬರಬೇಕು. ಯೂನಿಟ್‌ನ ದಿನ ಮಂಗಳವಾರವಾಗಿದ್ದರೆ ಚೀಟಿಯಲ್ಲಿ ‘30 ದಿನದ ನಂತರ’ ಎಂದು ಬರೆಯದೆ ಮಂಗಳವಾರಕ್ಕೆ ಬೀಳುವ ತಾರೀಖನ್ನೇ ಬರೆಯಬೇಕು. ವೈದ್ಯರು ಬದಲಾದರೂ ಯೂನಿಟ್ ಅದೇ ಇರುತ್ತದೆ, ಅದೇ ಹಿರಿಯರು ಇರುತ್ತಾರೆ. ಎರಡನೆಯದು, ಹೊರಟುಹೋಗದ ಒಬ್ಬರು ಈ ಕೆಲಸದ ಹೊಣೆ ಹೊತ್ತಿರಬೇಕು. ನನ್ನ ಅನುಭವದಲ್ಲಿ ಇದಕ್ಕೆ ಅತ್ಯಂತ ಯೋಗ್ಯರು ಓಪಿಡಿಯ ಹಿರಿಯ ನರ್ಸ್. ರಿಜಿಸ್ಟರ್ ಅವರ ಮೇಜಿನ ಮೇಲಿರಲಿ, ಪ್ರತಿ ಹೊಸ ತಂಡ ಬಂದ ದಿನ ಕಾಲು ಗಂಟೆ ಅವರೇ ಆ ತಂಡಕ್ಕೆ ಕ್ರಮ ವಿವರಿಸಲಿ. ಅವರ ಹೆಸರನ್ನು ರೋಗಿಯ ಪುಸ್ತಕದ ಮೇಲೂ ಬರೆಯಿರಿ.

ಹಂತ 2: ಪ್ಲಾಸ್ಟಿಕ್ ಕವರ್ ತೆರೆಯಿರಿ

ರೋಗಿ ಎದುರು ಕುಳಿತ ಕೂಡಲೇ ಇಂದಿನ ಶುಗರ್ ಎಷ್ಟು ಎಂದು ಕೇಳುವುದು ನಮ್ಮೆಲ್ಲರ ಅಭ್ಯಾಸ. ಅದಕ್ಕಿಂತ ಮೊದಲು ಅವರ ಕೈಯಲ್ಲಿರುವ ಕವರನ್ನು ಮೇಜಿನ ಮೇಲೆ ಸುರಿಯಲು ಹೇಳಿ. ಮಡಿಚಿ ಮಡಿಚಿ ಹರಿದ ಚೀಟಿಗಳು, ಅಕ್ಷರ ಮಾಸಿದ ಲ್ಯಾಬ್ ರಿಪೋರ್ಟ್, ಅರ್ಧ ಖಾಲಿಯಾದ ಸ್ಟ್ರಿಪ್‌ಗಳು ಬರುತ್ತವೆ. ಸ್ಟ್ರಿಪ್‌ಗಳನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುವ ಔಷಧಿಯ ಮೂಲ ಹೆಸರನ್ನು ಓದಿ. ಸರ್ಕಾರಿ ಔಷಧಾಲಯದಿಂದ ಪಡೆದ ಗ್ಲಿಮೆಪಿರೈಡ್ ಒಂದು, ತಾಲ್ಲೂಕು ಕೇಂದ್ರದ ಖಾಸಗಿ ಅಂಗಡಿಯಿಂದ ಕೊಂಡ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಮಾತ್ರೆ ಇನ್ನೊಂದು, ಜನೌಷಧಿ ಮಳಿಗೆಯದು ಮತ್ತೊಂದು, ಹೀಗೆ ಬಣ್ಣ ಬೇರೆ ಬೇರೆ ಇದ್ದರೂ ಒಳಗಿರುವುದು ಒಂದೇ ಆಗಿರುವುದನ್ನು ನಾನು ಪದೇ ಪದೇ ಕಂಡಿದ್ದೇನೆ. ಇಂಥವರಲ್ಲಿ ಮೂರರ ಬದಲು ಒಂದನ್ನು ಉಳಿಸಿ ಉಳಿದ ಸ್ಟ್ರಿಪ್‌ಗಳ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆಯುವುದೇ ಆ ದಿನದ ಅತಿ ಮುಖ್ಯ ಚಿಕಿತ್ಸೆ.

ಬಳಿಕ, ‘ಇದನ್ನು ಹೇಗೆ ತಗೊಳ್ತೀರಿ, ಒಂದು ಸಲ ತೋರಿಸಿ’ ಎಂದು ಕೇಳಿ. ‘ಸರಿಯಾಗಿ ತಗೊಳ್ತಾ ಇದೀರಾ?’ ಎಂಬ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ನಾಟಿ ಔಷಧಿ, ಕಷಾಯ, ಪುಡಿ ಏನಾದರೂ ಉಂಟೇ ಎಂಬುದನ್ನು ಗದರುವ ದನಿಯಿಲ್ಲದೆ ಕೇಳಬೇಕು, ಏಕೆಂದರೆ ಗದರಿಸಿಕೊಂಡ ರೋಗಿ ಮುಂದಿನ ವೈದ್ಯರ ಬಳಿಯೂ ಅದನ್ನು ಮುಚ್ಚಿಡುತ್ತಾರೆ. ಊಟದ ವಿವರವೂ ಮುಂದಿನವರಿಗೆ ಉಪಯೋಗವಾಗುವಂತೆ ಇರಬೇಕು. ‘ಪಥ್ಯ ಹೇಳಲಾಗಿದೆ’ ಎಂಬ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ‘ಮಧ್ಯಾಹ್ನ ಎರಡು ದೊಡ್ಡ ಮುದ್ದೆ, ರಾತ್ರಿ ಅನ್ನ, ಒಂದು ಮುದ್ದೆಗೆ ಇಳಿಸಿ ಸೊಪ್ಪಿನ ಸಾರು ಹೆಚ್ಚಿಸಲು ಒಪ್ಪಿದ್ದಾರೆ’ ಎಂದು ಬರೆದರೆ ಮುಂದಿನವರು ಅಲ್ಲಿಂದಲೇ ಮಾತು ಆರಂಭಿಸಬಹುದು. ರಾಗಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಮಲೆನಾಡಿನ ತಾಲ್ಲೂಕುಗಳಲ್ಲಿ ಅಕ್ಕಿ ರೊಟ್ಟಿ, ಕಡುಬಿನ ಲೆಕ್ಕವೇ ಬೇರೆ.

ಹಂತ 3: ಕಾರಣವನ್ನು ಬರೆಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸಲು ಸಾಧ್ಯವೆನ್ನುವವರು ಇದನ್ನು ಪಾಲಿಸಲಿ. ಓಪಿಡಿ ಚೀಟಿಯಲ್ಲಿ ನಾವು ಬರೆಯುವುದು ನಿರ್ಧಾರಗಳನ್ನು ಮಾತ್ರ, ಅಂದರೆ ಔಷಧಿಯ ಹೆಸರು, ಪ್ರಮಾಣ, ಹೊತ್ತು. ಆ ನಿರ್ಧಾರಕ್ಕೆ ಏಕೆ ಬಂದೆವು, ಮುಂದಿನವರು ಏನನ್ನು ನೋಡಬೇಕು, ಏನನ್ನು ಮಾಡಬಾರದು ಎಂಬುದು ನಮ್ಮ ತಲೆಯಲ್ಲೇ ಉಳಿಯುತ್ತದೆ. ಆ ಅಜ್ಜಿಯ ಚೀಟಿಯಲ್ಲಿ ನಾನು ಬರೆಯಬೇಕಿದ್ದದ್ದು ಹೀಗೆ (ಕ್ರಿಯಾಟಿನಿನ್, ಇಜಿಎಫ್‌ಆರ್ ಎಂದರೆ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬುದರ ಅಳತೆಗಳು, ಲಿನಾಗ್ಲಿಪ್ಟಿನ್ ಇನ್ನೊಂದು ಶುಗರ್ ಮಾತ್ರೆ):

‘ಗ್ಲಿಮೆಪಿರೈಡ್ 2ರಿಂದ 1 ಮಿ.ಗ್ರಾಂ.ಗೆ ಇಳಿಸಿದೆ. ಕಾರಣ: ಕ್ರಿಯಾಟಿನಿನ್ 1.5, ಇಜಿಎಫ್‌ಆರ್ ಸುಮಾರು 37. ಊಟ ತಡವಾದಾಗ ಬೆವರು, ನಡುಕ, ವಾರಕ್ಕೆ ಎರಡು ಸಲ. ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ. ಮೀರುವುದು ಬೇಡ. ಗುರಿ: ಎಚ್‌ಬಿಎ1ಸಿ 8ರ ಒಳಗೆ ಸಾಕು. ಮುಂದೆ ನೋಡುವವರಿಗೆ: ಊಟದ ನಂತರದ ಶುಗರ್ 200 ದಾಟಿದ್ದರೂ ಗ್ಲಿಮೆಪಿರೈಡ್ ಏರಿಸಬೇಡಿ, ಬೇಕೆನಿಸಿದರೆ ಲಿನಾಗ್ಲಿಪ್ಟಿನ್ ಯೋಚಿಸಿ. ಕೇಳಬೇಕಾದದ್ದು: ಬೆವರು ನಿಂತಿತೇ?’

ಇಷ್ಟು ಬರೆಯಲು ಒಂದೂವರೆ ನಿಮಿಷ ಬೇಕು. ನೂರು ಜನರ ಸಾಲಿರುವ ಓಪಿಡಿಯಲ್ಲಿ ಒಂದೂವರೆ ನಿಮಿಷ ಕಡಿಮೆಯಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ಎಲ್ಲರಿಗೂ ಬರೆಯಬೇಕೆಂದಿಲ್ಲ, ಆ ದಿನ ಏನಾದರೂ ಬದಲಾವಣೆ ಮಾಡಿದವರಿಗೆ ಮತ್ತು ಎಲ್ಲರಿಗೂ ಹೊಂದುವ ಗುರಿ ಹೊಂದದಿರುವವರಿಗೆ ಬರೆದರೆ ಸಾಕು. ಸಾಮಾನ್ಯವಾಗಿ ಎಚ್‌ಬಿಎ1ಸಿ 7ರ ಒಳಗೆ, ಖಾಲಿ ಹೊಟ್ಟೆಯ ಶುಗರ್ 80ರಿಂದ 130, ಊಟದ ನಂತರ 180ರ ಒಳಗೆ ಎಂಬುದು ಗುರಿ. ವಯಸ್ಸಾದವರಿಗೆ, ಒಂಟಿಯಾಗಿರುವವರಿಗೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರಿಗೆ ಗುರಿಯನ್ನು ಸಡಿಲಿಸಿದ್ದರೆ ಅದನ್ನು ಬರೆದಿಡಲೇಬೇಕು. ಇಲ್ಲವಾದರೆ ಮುಂದೆ ಬರುವ ಶ್ರದ್ಧಾವಂತ ವೈದ್ಯರು ಪುಸ್ತಕದ ಗುರಿಗೇ ಆ ರೋಗಿಯನ್ನು ಎಳೆಯುತ್ತಾರೆ. ರಕ್ತಹೀನತೆ ತೀವ್ರವಾಗಿದ್ದರೆ ಅಥವಾ ಇತ್ತೀಚೆಗೆ ರಕ್ತ ಹಾಕಿದ್ದರೆ ಎಚ್‌ಬಿಎ1ಸಿ ನಂಬಿಕೆಗೆ ಯೋಗ್ಯವಲ್ಲ ಎಂಬ ಟಿಪ್ಪಣಿಯೂ ಅಲ್ಲಿಯೇ ಇರಲಿ.

ಹಂತ 4: ರೋಗಿಯ ಕೈಯಲ್ಲಿ ಒಂದು ಕನ್ನಡ ಪುಸ್ತಕ

ಆಸ್ಪತ್ರೆಯ ಕಡತ ಆಸ್ಪತ್ರೆಯಲ್ಲಿರುತ್ತದೆ, ರೋಗಿ ಎಲ್ಲೆಡೆ ಹೋಗುತ್ತಾರೆ. ಇನ್ನೂರು ಪುಟದ ಸಣ್ಣ ಅಳತೆಯ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಹೆಸರು, ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆಯ 14 ಅಂಕಿಗಳು, ಯಾವ ಬಗೆಯ ಸಕ್ಕರೆ ಕಾಯಿಲೆ, ಆಗಿಬರದ ಔಷಧಿ, ಯೂನಿಟ್ ಮತ್ತು ಅದರ ಓಪಿಡಿ ದಿನ ಇರಲಿ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆ, ಇರುವವರ ಪುಸ್ತಕದ ರಟ್ಟಿನ ಮೇಲೆಯೇ ಕೆಂಪು ಶಾಯಿಯಲ್ಲಿ ‘ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಿಸಬಾರದು’ ಎಂದು ಬರೆಯಿರಿ. ವಾಂತಿಯಾಗಿ ಊಟ ಸೇರದಿದ್ದಾಗ ‘ತಿನ್ನುತ್ತಿಲ್ಲವಲ್ಲ, ಇಂಜೆಕ್ಷನ್ ಬೇಡ’ ಎಂದು ಮನೆಯವರೋ ಅನುಭವವಿಲ್ಲದ ವೈದ್ಯರೋ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಬರುತ್ತದೆ.

ಹಂತ 3ರ ಟಿಪ್ಪಣಿಯನ್ನು ಈ ಪುಸ್ತಕದಲ್ಲೇ ಬರೆಯುವುದು ಒಳ್ಳೆಯದು. ಔಷಧಿಯ ಹೆಸರು ಇಂಗ್ಲಿಷಿನಲ್ಲಿದ್ದರೂ ‘ಬೆಳಗ್ಗೆ ತಿಂಡಿಗೆ ಮೊದಲು’, ‘ರಾತ್ರಿ ಊಟವಾದ ಮೇಲೆ’ ಎಂಬುದು ಕನ್ನಡದಲ್ಲೇ ಇರಲಿ. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಬರೆದು ಪಕ್ಕದಲ್ಲಿ ಮಾತ್ರೆಯ ಗುಂಡು ಗುರುತಿಸಿ. ಮನೆಯಲ್ಲಿ ಮಾತ್ರೆ ಕೊಡುವವರು ಸೊಸೆಯೋ ಮೊಮ್ಮಗನೋ ಎಂದು ಕೇಳಿ, ಮುಂದಿನ ಸಲ ಅವರನ್ನೂ ಕರೆತರಲು ಹೇಳಿ.

ಹಂತ 5: ಬಾಕಿ ಉಳಿದ ಫಲಿತಾಂಶಗಳು

ಪರೀಕ್ಷೆ ಬರೆದವರು ಫಲಿತಾಂಶ ನೋಡುವವರೆಗೆ ಅಲ್ಲಿರುವುದಿಲ್ಲ ಎಂಬುದನ್ನೇ ನಿಯಮವೆಂದು ಭಾವಿಸಿ ಕೆಲಸ ಮಾಡಬೇಕು. ನರ್ಸ್ ಮೇಜಿನ ರಿಜಿಸ್ಟರ್‌ನಲ್ಲಿ ದಿನಾಂಕ, ರೋಗಿ, ಪರೀಕ್ಷೆ, ಫಲಿತಾಂಶ ಬಂದ ದಿನ, ನೋಡಿದವರ ಸಹಿ ಎಂಬ ಐದು ಕಾಲಂ ಸಾಕು. ವಾರಕ್ಕೊಮ್ಮೆ, ಓಪಿಡಿ ಮುಗಿದ ಮೇಲೆ, ಸಹಿಯಿಲ್ಲದ ಸಾಲುಗಳನ್ನು ಯಾರಾದರೊಬ್ಬ ಪಿಜಿ ಓದಬೇಕು.

ಹಂತ 6: ಸ್ವತಂತ್ರ ನಿರ್ಧಾರದ ಗಡಿ

ವೈದ್ಯರು ಬದಲಾದಂತೆ ಎರಡು ಬಗೆಯ ತಪ್ಪುಗಳಾಗುತ್ತವೆ. ಕೆಲವರು ಹಿಂದಿನ ಚೀಟಿಯನ್ನೇ ನಕಲು ಮಾಡಿ ‘ಅದೇ ಮುಂದುವರಿಸಿ’ ಎಂದು ಕಳಿಸುತ್ತಾರೆ. ಎಚ್‌ಬಿಎ1ಸಿ 10 ಇದ್ದು ಎರಡು ವರ್ಷ ಅದೇ ಮಾತ್ರೆಯಲ್ಲಿ ಉಳಿದವರಿದ್ದಾರೆ. ಇನ್ನು ಕೆಲವರು ಬಂದ ದಿನವೇ ಮೂರು ಔಷಧಿ ಬದಲಿಸುತ್ತಾರೆ, ಆಮೇಲೆ ಯಾವುದರಿಂದ ಗುಣವಾಯಿತು, ಯಾವುದರಿಂದ ತೊಂದರೆಯಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ಹೇಳಿಕೊಡುವುದು, ಒಂದು ಭೇಟಿಗೆ ಒಂದೇ ಬದಲಾವಣೆ, ಮತ್ತು ಹಿಂದಿನವರ ಕಾರಣ ಓದದೆ ಅವರ ಬದಲಾವಣೆಯನ್ನು ರದ್ದುಮಾಡಬಾರದು.

ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಏರಿಸುವುದು, ರಾತ್ರಿಯ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಖಾಲಿ ಹೊಟ್ಟೆಯ ಶುಗರ್ ಗುರಿ ಮುಟ್ಟುವವರೆಗೆ 3 ದಿನಕ್ಕೊಮ್ಮೆ 2 ಯೂನಿಟ್ ಏರಿಸುವಂತೆ ಹೇಳಿಕೊಡುವುದು, ಲೋ ಶುಗರ್ ಆಗಿದ್ದರೆ ಡೋಸನ್ನು ಶೇ. 10ರಿಂದ 20ರಷ್ಟು ಇಳಿಸುವುದು, ಇವುಗಳಿಗೆ ತರಬೇತಿಯಲ್ಲಿರುವವರು ಹಿರಿಯರನ್ನು ಕಾಯಬೇಕಾಗಿಲ್ಲ, ಯೂನಿಟ್ ಹಾಗೆಂದು ಒಪ್ಪಿದ್ದರೆ. ಆದರೆ ಶುಗರ್ 54ಕ್ಕಿಂತ ಕೆಳಗೆ ಹೋದವರು, 300 ದಾಟಿ ವಾಂತಿ ಅಥವಾ ಉಸಿರಾಟದ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು, ಟೈಪ್ 1 ಇರುವವರು, ಇಜಿಎಫ್‌ಆರ್ 45ಕ್ಕಿಂತ ಕಡಿಮೆ ಇರುವವರು, ಪಾದದಲ್ಲಿ ಹೊಸ ಹುಣ್ಣು ಕಂಡವರು, ಮೊದಲ ಬಾರಿ ಇನ್ಸುಲಿನ್ ಆರಂಭಿಸುತ್ತಿರುವವರು ಹಿರಿಯರ ಕಣ್ಣಿಗೆ ಬೀಳದೆ ಮನೆಗೆ ಹೋಗಕೂಡದು.

ತುರ್ತು ಘಟಕದ ಡ್ಯೂಟಿಯಲ್ಲಿರುವ ಹೌಸ್ ಸರ್ಜನ್‌ಗಳಿಗೆ ಒಂದು ಮಾತು. ಗ್ಲಿಮೆಪಿರೈಡ್‌ನಂಥ ಮಾತ್ರೆಯಿಂದ ಶುಗರ್ ಇಳಿದವರಿಗೆ ಗ್ಲೂಕೋಸ್ ಏರಿಸಿದ ಕೂಡಲೇ ಎಚ್ಚರವಾಗುತ್ತದೆ, ಮನೆಯವರು ಹೊರಡಲು ಅವಸರ ಮಾಡುತ್ತಾರೆ. ಆ ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಉಳಿದು ಶುಗರ್ ಮತ್ತೆ ಇಳಿಯಬಹುದಾದ್ದರಿಂದ, ವಿಶೇಷವಾಗಿ ವಯಸ್ಸಾದವರನ್ನು ಮತ್ತು ಮೂತ್ರಪಿಂಡ ಸೋತವರನ್ನು, ಕನಿಷ್ಠ ಒಂದು ಹಗಲು ಒಂದು ರಾತ್ರಿ ಇರಿಸಿಕೊಂಡು ನೋಡಬೇಕು. ಕಳಿಸುವಾಗ, ಆ ಮಾತ್ರೆ ಬರೆದುಕೊಟ್ಟ ಯೂನಿಟ್‌ಗೆ ಫೋನ್ ಮಾಡಿ ತಿಳಿಸಿ. ತುರ್ತು ಘಟಕದಲ್ಲಿ ಆದದ್ದು ಓಪಿಡಿಗೆ ತಿಳಿಯದಿರುವುದು ನಾನು ಕಂಡ ಬಿರುಕುಗಳಲ್ಲಿ ಅತ್ಯಂತ ಅಪಾಯಕಾರಿ.

ಹಂತ 7: ವಾರ್ಡಿನಿಂದ ಮನೆಗೆ

ನ್ಯುಮೋನಿಯಾಕ್ಕೋ ಕಾಲಿನ ಸೋಂಕಿಗೋ ದಾಖಲಾದ ರೋಗಿಗೆ ಶುಗರ್ 350 ಇರುತ್ತದೆ, ಮಾತ್ರೆ ನಿಲ್ಲಿಸಿ ಇನ್ಸುಲಿನ್ ಹಾಕುತ್ತೇವೆ, ಹತ್ತು ದಿನದಲ್ಲಿ ಸೋಂಕು ಇಳಿಯುತ್ತದೆ, ಅದೇ ಡೋಸ್ ಬರೆದು ಡಿಸ್ಚಾರ್ಜ್ ಮಾಡುತ್ತೇವೆ. ಸೋಂಕಿನ ಒತ್ತಡದಿಂದ ಏರಿದ್ದ ಶುಗರ್ ಮನೆಗೆ ಹೋದ ಮೇಲೂ ಇಳಿಯುತ್ತಲೇ ಇರುತ್ತದೆ. ಎರಡನೆಯ ವಾರದಲ್ಲಿ ಅದೇ 24 ಯೂನಿಟ್ ಹೆಚ್ಚಾಗುತ್ತದೆ. ಸ್ಟೀರಾಯ್ಡ್ ಕೊಟ್ಟು ಕ್ರಮೇಣ ಇಳಿಸುತ್ತಿರುವವರಲ್ಲಿಯೂ ಇದೇ ಅಪಾಯ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಈ ಇನ್ಸುಲಿನ್ ಎಷ್ಟು ಕಾಲಕ್ಕೆ, ಯಾವ ಶುಗರ್‌ಗೆ ಎಷ್ಟು ಇಳಿಸಬೇಕು, ಮಾತ್ರೆಗೆ ಯಾವಾಗ ಮರಳಬಹುದು, ಹಳೆಯ ಮಾತ್ರೆಗಳಲ್ಲಿ ಯಾವುದು ನಿಂತಿದೆ ಎಂಬುದು ಬಿಡಿಸಿ ಬರೆದಿರಬೇಕು. ಮನೆಯಲ್ಲಿ ಹಳೆಯ ಸ್ಟ್ರಿಪ್ ಇದ್ದೇ ಇರುತ್ತದೆ. ‘ಇಂಜೆಕ್ಷನ್ ಜೊತೆಗೆ ಅದನ್ನೂ’ ನುಂಗುವವರು ಬಹಳ.

ಈಗ ಸಿರಿಂಜಿನ ವಿಷಯ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್ ಬಲದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ ಕಾರ್ಟ್ರಿಜ್‌ಗಳು ಮತ್ತು ಕೆಲವು ಬಾಟಲಿಗಳು 100 ಯೂನಿಟ್ ಬಲದವು, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಸೇರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ತದ್ವಿರುದ್ಧವಾಗಿ 40ರ ಇನ್ಸುಲಿನ್ ಅನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ. ಮೊದಲನೆಯದು ಜೀವ ತೆಗೆಯಬಲ್ಲದು. ಎರಡನೆಯದರಲ್ಲಿ ಶುಗರ್ ಇಳಿಯದೆ, ಮುಂದಿನ ವೈದ್ಯರು ಡೋಸ್ ಏರಿಸುತ್ತಾ ಹೋಗುತ್ತಾರೆ, ಒಂದು ದಿನ ಅಂಗಡಿಯವರು ಸರಿಯಾದ ಸಿರಿಂಜ್ ಕೊಟ್ಟಾಗ ರೋಗಿ ಕುಸಿಯುತ್ತಾರೆ. ಆದ್ದರಿಂದ ಪುಸ್ತಕದಲ್ಲಿ ಬಾಟಲಿಯ ಬಲ ಮತ್ತು ಮುಚ್ಚಳದ ಬಣ್ಣ ಎರಡನ್ನೂ ಬರೆಯಿರಿ, ಪ್ರತಿ ಭೇಟಿಗೂ ಬಾಟಲಿ ಮತ್ತು ಸಿರಿಂಜ್ ತರಿಸಿ ನಿಮ್ಮೆದುರೇ ಎಳೆಯಲು ಹೇಳಿ. ಕನ್ನಡಕ ಮರೆತು ಬಂದ ಹಿರಿಯರು ಗೆರೆಯನ್ನು ಅಂದಾಜಿನಲ್ಲಿ ನೋಡುವುದು ಆಗ ತಿಳಿಯುತ್ತದೆ. ಚುಚ್ಚುವ ಜಾಗವನ್ನೂ ಮುಟ್ಟಿ ನೋಡಿ, ಒಂದೇ ಕಡೆ ಚುಚ್ಚಿ ಗಂಟುಕಟ್ಟಿದ್ದರೆ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಎಸ್ಟೇಟಿನ ಲೈನ್ ಮನೆಗಳಲ್ಲಿ ಫ್ರಿಜ್ ಇರುವುದಿಲ್ಲವೆಂದು ಇನ್ಸುಲಿನ್ ಬೇಡವೆನ್ನುವವರಿಗೆ, ಬಳಕೆಯಲ್ಲಿರುವ ಬಾಟಲಿಯನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು 4 ವಾರ ಇಡಬಹುದೆಂದು, ಬೇಸಿಗೆಯಲ್ಲಿ ನೀರು ತುಂಬಿದ ಮಣ್ಣಿನ ಪಾತ್ರೆಯೊಳಗೆ ಸಣ್ಣ ಡಬ್ಬಿಯಲ್ಲಿ ಇಡಬಹುದೆಂದು ತಿಳಿಸಿ. ಬಾಟಲಿ ತೆರೆದ ತಾರೀಖನ್ನು ಅದರ ಮೇಲೆಯೇ ಬರೆಯಲು ಹೇಳಿ.

ಡಿಸ್ಚಾರ್ಜ್ ಆದ ಎರಡು ಮೂರು ದಿನದೊಳಗೆ ಒಂದು ಫೋನ್, ಒಂದೆರಡು ವಾರದೊಳಗೆ ಒಂದು ಭೇಟಿ. ಫೋನಿನಲ್ಲಿ ಕೇಳಬೇಕಾದದ್ದು ಮೂರೇ: ಔಷಧಿ ಸಿಕ್ಕಿತೇ, ಬೆವರು ನಡುಕ ಬಂದಿತೇ, ಹಳೆಯ ಮಾತ್ರೆ ನಿಲ್ಲಿಸಿದಿರಾ. ಶುಗರ್ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷದ ಬಳಿಕ ಮತ್ತೆ ನೋಡಿ, ಆಮೇಲೆ ಊಟ ಮಾಡಬೇಕು, ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು ಎಂಬುದನ್ನು ವಾರ್ಡಿನಲ್ಲೇ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿ.

ಹಂತ 8: ಊರಿನ ಹತ್ತಿರದವರಿಗೆ ಒಪ್ಪಿಸುವುದು

ಸಕಲೇಶಪುರದ ಆಚೆಯ ಹಳ್ಳಿಯಿಂದ ಹಾಸನಕ್ಕೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿರುವುದು ದೊಡ್ಡ ಅನುಕೂಲ, ಆದರೂ ಕೂಲಿಯ ನಷ್ಟ ಉಳಿದೇ ಇದೆ. ಡಿಸೆಂಬರ್‌ನಿಂದ ಕಾಫಿ ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಎಸ್ಟೇಟಿನವರು ಬರುವುದಿಲ್ಲ, ಜುಲೈ ಮಳೆಯಲ್ಲಿ ಘಟ್ಟದ ಅಂಚಿನವರು ಬರಲಾರರು. ಇದನ್ನು ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆಯುವುದು ಅನ್ಯಾಯ. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಬೇಗ ಹೊರಟು, ಬುತ್ತಿ ತಡವಾಗಿ ಉಂಡು, ಇಳಿಜಾರಿನಲ್ಲಿ ದಿನವಿಡೀ ದುಡಿಯುವವರಿಗೆ ಶುಗರ್ ಇಳಿಯುವ ಸಂಭವವೂ ಹೆಚ್ಚು. ನವೆಂಬರ್ ಭೇಟಿಯಲ್ಲೇ ಅದಕ್ಕೆ ತಕ್ಕ ಡೋಸ್ ಯೋಚಿಸಿ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಅದರಡಿಯ ಎನ್‌ಸಿಡಿ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರ, ಹಳ್ಳಿಯ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಕಾರ್ಯಕರ್ತೆ, ಇವರೆಲ್ಲ ನಮ್ಮ ಹೌಸ್ ಸರ್ಜನ್‌ಗಳಿಗಿಂತ ಹೆಚ್ಚು ಕಾಲ ರೋಗಿಯ ಜೊತೆ ಇರುವವರು. ಸ್ಥಿರವಾಗಿರುವ ರೋಗಿಯ ತಿಂಗಳ ಮಾತ್ರೆ ಮತ್ತು ಶುಗರ್ ತಪಾಸಣೆಯನ್ನು ಅವರಿಗೆ ಒಪ್ಪಿಸಿ, ಮೂರು ಅಥವಾ ಆರು ತಿಂಗಳಿಗೊಮ್ಮೆ ಯೂನಿಟ್‌ಗೆ ಕರೆಸಿಕೊಳ್ಳಬಹುದು. ಒಪ್ಪಿಸುವ ಮುನ್ನ ಆ ಕೇಂದ್ರದಲ್ಲಿ ನೀವು ಬರೆದ ಮಾತ್ರೆ ಸಿಗುತ್ತದೆಯೇ ಎಂದು ಒಮ್ಮೆ ಫೋನ್ ಮಾಡಿ ಕೇಳಿ. ಸಿಗದ ಮಾತ್ರೆ ಬರೆದು ಕಳಿಸಿದರೆ ಅಲ್ಲಿಂದಲೇ ಚಿಕಿತ್ಸೆ ಕವಲೊಡೆಯುತ್ತದೆ. ಸಮುದಾಯ ವೈದ್ಯಶಾಸ್ತ್ರದ 12 ವಾರ ಹಳ್ಳಿಯ ಕೇಂದ್ರಗಳಿಗೆ ಹೋಗುವ ಹೌಸ್ ಸರ್ಜನ್‌ಗಳು ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ತಾವೇ ನೋಡಿದ್ದವರ ಮನೆಗೆ ಅಲ್ಲಿ ಹೋಗಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಗರ್ಭಿಣಿಯಾಗಿದ್ದಾಗ ಶುಗರ್ ಕಂಡವರ ಗತಿ ಇನ್ನೂ ನಾಜೂಕು. ಹೆರಿಗೆಯಾದ 6 ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಬೇಕು. ಅಷ್ಟರಲ್ಲಿ ಪ್ರಸೂತಿ ವಿಭಾಗದ ತಂಡವೇ ಬದಲಾಗಿರುತ್ತದೆ, ತಾಯಿ ಬಾಣಂತನಕ್ಕೆ ತವರಿಗೆ ಹೋಗಿರುತ್ತಾಳೆ. ಮಗುವಿನ 6 ವಾರದ ಲಸಿಕೆಯನ್ನು ಯಾವ ಮನೆಯೂ ತಪ್ಪಿಸುವುದಿಲ್ಲ. ತಾಯಿ ಕಾರ್ಡಿನಲ್ಲಿ ಆ ಲಸಿಕೆಯ ಪಕ್ಕದಲ್ಲೇ ‘ಅಂದು ತಾಯಿ ಖಾಲಿ ಹೊಟ್ಟೆಯಲ್ಲಿ ಬರಬೇಕು, ಶುಗರ್ ಪರೀಕ್ಷೆ’ ಎಂದು ಬರೆದುಬಿಡಿ.

ಹಂತ 9: ವರ್ಷದ ತಪಾಸಣೆ

ಕಣ್ಣಿನ ಪಾಪೆ ಹಿಗ್ಗಿಸಿ ನೋಡುವುದು, ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, 10 ಗ್ರಾಂ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಪಾದದ ಸ್ಪರ್ಶ ಪರೀಕ್ಷೆ, ಇವು ವರ್ಷಕ್ಕೊಮ್ಮೆ ಆಗಲೇಬೇಕು. ಟೈಪ್ 2 ಇರುವವರಿಗೆ ಕಾಯಿಲೆ ಪತ್ತೆಯಾದಾಗಲೇ ಮೊದಲ ಕಣ್ಣಿನ ಪರೀಕ್ಷೆ. ‘ಹಿಂದಿನವರು ಮಾಡಿರಬಹುದು’ ಎಂದು ಪ್ರತಿಯೊಬ್ಬರೂ ಭಾವಿಸಿ ಐದು ವರ್ಷ ಕಳೆಯುವುದನ್ನು ತಡೆಯಲು, ವರ್ಷಕ್ಕೊಮ್ಮೆ ತಪ್ಪದೆ ಬರುವ ಒಂದು ಗುರುತು ಬೇಕು. ನಮ್ಮೂರಿನಲ್ಲಿ ಅದು ಸಿದ್ಧವಾಗಿಯೇ ಇದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆಯುತ್ತದೆ. ‘ದೇವಿ ಬಾಗಿಲು ತೆರೆಯುವ ತಿಂಗಳು ಕಣ್ಣು, ಕಾಲು, ಮೂತ್ರ’ ಎಂದರೆ ನಮ್ಮ ಹಿರಿಯರು ಮರೆಯುವುದಿಲ್ಲ. ಬೇರೆ ಮತದವರಿಗೆ ಅವರವರ ಹಬ್ಬದ ಲೆಕ್ಕ ಹೇಳಿ. ಚಪ್ಪಲಿ, ಕಾಲುಚೀಲ ಬಿಚ್ಚಿಸಿ ಬೆರಳ ಸಂದು ನೋಡುವುದಕ್ಕೆ ಮಾತ್ರ ವರ್ಷ ಕಾಯಬೇಡಿ, ಪ್ರತಿ ಭೇಟಿಯಲ್ಲೂ ನೋಡಿ.

ಹಂತ 10: ಲೆಕ್ಕ ಇಡುವುದು

ನಿರಂತರತೆಯನ್ನು ಅಳೆಯಲು ಸರಳ ಲೆಕ್ಕವೊಂದಿದೆ. ವರ್ಷದಲ್ಲಿ ರೋಗಿ 8 ಬಾರಿ ಬಂದು, ಅವರನ್ನು ಅತಿ ಹೆಚ್ಚು ಸಲ ನೋಡಿದ ವೈದ್ಯರು 3 ಬಾರಿ ನೋಡಿದ್ದರೆ, 3ನ್ನು 8ರಿಂದ ಭಾಗಿಸಿ 0.375. ತರಬೇತಿ ಆಸ್ಪತ್ರೆಯಲ್ಲಿ ಇದು ಕಡಿಮೆಯೇ ಇರುತ್ತದೆ. ಅದರ ಜೊತೆಗೆ ಎಂಟರಲ್ಲಿ ಎಷ್ಟು ಸಲ ಅದೇ ಯೂನಿಟ್‌ನವರು ನೋಡಿದರು, ಎಷ್ಟು ಟಿಪ್ಪಣಿಗಳಲ್ಲಿ ಕಾರಣ ಬರೆದಿದೆ ಎಂದೂ ಎಣಿಸಿ. ತಿಂಗಳಿಗೆ ಇಪ್ಪತ್ತು ಪುಸ್ತಕ ತೆರೆದು ನೋಡಿದರೆ ಸಾಕು.

ಹಂತ 11: ಪೋಸ್ಟಿಂಗ್‌ನ ಕೊನೆಯ ವಾರ

ಆರನೆಯ ವಾರ ಬಂದಾಗ ನೀವು ನೋಡುತ್ತಿರುವವರಲ್ಲಿ ಯಾರನ್ನು ಬಿಟ್ಟುಹೋಗಲು ಮನಸ್ಸು ಅಳುಕುತ್ತದೆ ಎಂದು ಕೇಳಿಕೊಳ್ಳಿ. ಹೊಸದಾಗಿ ಇನ್ಸುಲಿನ್ ಆರಂಭಿಸಿದವರು, ತಿಂಗಳೊಳಗೆ ಶುಗರ್ ಇಳಿದು ಬಂದವರು, ವಾಸಿಯಾಗದ ಪಾದದ ಹುಣ್ಣಿನವರು, ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು, ಫಲಿತಾಂಶ ಬಾಕಿ ಇರುವವರು ಆ ಪಟ್ಟಿಯಲ್ಲಿರುತ್ತಾರೆ. ಸಾಮಾನ್ಯವಾಗಿ ಹತ್ತು ಹದಿನೈದು ಹೆಸರು ಮೀರುವುದಿಲ್ಲ. ಪ್ರತಿಯೊಬ್ಬರಿಗೂ ಎರಡು ಸಾಲು ಬರೆದು, ಮುಂದೆ ಬರುವವರ ಎದುರು ಕುಳಿತು ಓದಿ ಹೇಳಿ, ಅವರ ಸಹಿ ಪಡೆದು, ಒಂದು ಪ್ರತಿಯನ್ನು ನರ್ಸ್ ರಿಜಿಸ್ಟರ್‌ಗೆ ಅಂಟಿಸಿ. ವಾಟ್ಸಾಪ್ ಸಂದೇಶ ಇದಕ್ಕೆ ಬದಲಿಯಾಗದು, ರೋಗಿಯ ಗೋಪ್ಯತೆಯೂ ಅಲ್ಲಿ ಉಳಿಯುವುದಿಲ್ಲ.

ಕೊನೆಯ ಓಪಿಡಿ ದಿನ ಆ ಪಟ್ಟಿಯವರು ಬಂದರೆ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಮ್ಮ, ಮುಂದಿನ ವಾರದಿಂದ ಇವರು ನಿಮ್ಮನ್ನು ನೋಡ್ತಾರೆ. ನಿಮ್ಮ ವಿಷಯ ಎಲ್ಲಾ ಇವರಿಗೆ ಹೇಳಿದೀನಿ’ ಎಂಬ ಎರಡು ಮಾತು ಸಾಕು. ರೋಗಿಗಳು ಮರುಭೇಟಿ ತಪ್ಪಿಸಲು ಒಂದು ಕಾರಣ, ಪ್ರತಿ ಸಲವೂ ಹೊಸ ಮುಖದ ಎದುರು ಕತೆಯನ್ನು ಮೊದಲಿನಿಂದ ಹೇಳಬೇಕಲ್ಲ ಎಂಬ ಬೇಸರ. ಪುಸ್ತಕದಲ್ಲಿ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆ ಬರೆದುಕೊಟ್ಟಿದ್ದರೆ ಅದರ ಕೆಳಗೆ ಯೂನಿಟ್ ಅಥವಾ ಓಪಿಡಿಯ ಸಂಖ್ಯೆ ಬರೆದು, ನಿಮ್ಮದನ್ನು ಅವರೆದುರೇ ಹೊಡೆದುಹಾಕಿ. ಆರು ತಿಂಗಳ ನಂತರ ರಾತ್ರಿ ಹನ್ನೊಂದಕ್ಕೆ ಅವರು ಕರೆ ಮಾಡುವಾಗ ನೀವು ಬೇರೆ ಊರಿನಲ್ಲಿರುತ್ತೀರಿ.